ಕೆನ್ನೆಯ ಬಲಗಿವಿ

ನಮ್ಮ ಮನೆಯಲ್ಲಿ ಐದು ಜನ, ಹತ್ತು ಕಿವಿ. ಹೋದ ವರ್ಷದವರೆಗೆ ಆ ಹತ್ತರಲ್ಲಿ ಒಂದಕ್ಕೂ ಏನೂ ಕೇಳಿಸುತ್ತಿರಲಿಲ್ಲ. ಈಗ ಒಂದಕ್ಕೆ ಕೇಳಿಸುತ್ತೆ. ಆ ಒಂದು ಕಿವಿ ಮನೆಯಲ್ಲಿ ಎಬ್ಬಿಸಿದ ರಂಪ ಇದೆಯಲ್ಲ, ಅದನ್ನು ಹೇಳೋಕೆ ಕೂತಿದ್ದೀನಿ. ಬಾಯಲ್ಲಿ ಹೇಳೋಕೆ ನನಗೆ ಬರೋದಿಲ್ಲ, ಅದಕ್ಕೆ ಬರೀತಿದ್ದೀನಿ. ಮಧ್ಯೆ ಬಾಯಿ ಹಾಕಬೇಡಿ.

ನಾವು ಕಿವುಡರು. 'ಶ್ರವಣ ಸಮಸ್ಯೆ ಉಳ್ಳವರು' ಅಂತ ಯಾರಾದರೂ ಮೆತ್ತಗೆ ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ. ಸಮಸ್ಯೆ ಯಾರಿಗೆ ಸ್ವಾಮಿ? ನಮ್ಮ ಯಜಮಾನರು ಬಡಗಿ, ಕುರ್ಚಿ ಮಾಡ್ತಾರೆ. ಆ ಕುರ್ಚಿಗೆ ನಾನು ಕುಶನ್ ಹೊಲೀತೀನಿ. ಮಗ ಪಾಲಿಶ್ ಹೊಡೀತಾನೆ. ಸೊಸೆ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸ್ತಾಳೆ. ಕೆಳಗೆ ವರ್ಕ್‌ಶಾಪ್, ಮೇಲೆ ಮನೆ. ಐದನೆಯವಳು ಮೊಮ್ಮಗಳು, ಆಗಿನ್ನೂ ಎರಡು ತುಂಬಿರದ ಪೋರಿ. ನಮ್ಮಲ್ಲಿ ಹೆಸರು ಅನ್ನೋದು ಕೈಯಲ್ಲಿರುತ್ತೆ. ಮೊಮ್ಮಗಳ ಹೆಸರು ಹೇಳಬೇಕಾದರೆ ಎರಡು ಬೆರಳಲ್ಲಿ ನಮ್ಮ ಕೆನ್ನೆ ನಾವೇ ಚಿವುಟಿಕೊಳ್ತೀವಿ. ಹುಟ್ಟಿದಾಗ ಮುಖದಲ್ಲಿ ಕೆನ್ನೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಹಾಗಾಗಿ ಕೆನ್ನೆ. ಯಜಮಾನರ ಹೆಸರು ಪೆನ್ಸಿಲ್, ಕಿವಿ ಸಂದಿಯಲ್ಲಿ ಸದಾ ಒಂದು ಸಿಕ್ಕಿಸಿಕೊಂಡಿರ್ತಾರೆ. "ಕಿವಿಗೆ ಇಷ್ಟಾದರೂ ಕೆಲಸ ಇರಲಿ" ಅಂತಾರೆ. ನನ್ನ ಹೆಸರು ಸೂಜಿ. ಹೊಲಿಯೋಳು ಅಂತ ಇಟ್ಟಿದ್ದು ಅಂತ ನಾನು ಹೇಳ್ತೀನಿ. ಮಿಕ್ಕವರು ಬೇರೆ ಕಾರಣ ಹೇಳ್ತಾರೆ.

ಕೆನ್ನೆಯ ರಕ್ತಪರೀಕ್ಷೆ ಆದಮೇಲೆ ಕಿವಿ ಡಾಕ್ಟರಮ್ಮ ನಮ್ಮನ್ನೆಲ್ಲ ಆಸ್ಪತ್ರೆಗೆ ಕರೆಸಿದರು. ಜೊತೆಗೆ ದುಭಾಷಿ ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮನೂ ಕಿವುಡರೇ. ಅವಳಿಗೆ ಕಿವಿಯೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. ಅವರ ಮಾತು ನಮಗೆ ಕೈಯಲ್ಲಿ ಹೇಳ್ತಾಳೆ, ನಮ್ಮ ಮಾತು ಅವರಿಗೆ ಬಾಯಲ್ಲಿ ಹೇಳ್ತಾಳೆ. ನನ್ನ ಬೈಗುಳವನ್ನು ಸ್ವಲ್ಪ ನೀರು ಬೆರೆಸಿ ಹೇಳ್ತಾಳೆ ಅನ್ನೋದು ನನ್ನ ಅನುಮಾನ.

ಡಾಕ್ಟರಮ್ಮ ಹೇಳಿದ್ದಿಷ್ಟು. ನಮ್ಮ ಕಿವಿಯ ಒಳಗೆ ಎಲ್ಲ ಸರಿಯಾಗಿಯೇ ಇದೆಯಂತೆ. ಕಿವಿಗೆ ಬಂದ ಸುದ್ದಿಯನ್ನು ಮಿದುಳಿನ ಕಡೆಗೆ ದಾಟಿಸೋ ಒಂದು ಪ್ರೋಟೀನ್ ಮಾತ್ರ ತಯಾರಾಗೋದಿಲ್ಲವಂತೆ. ಅದನ್ನು ತಯಾರಿಸೋ ಜೀನಿನಲ್ಲಿ ತಪ್ಪಿದೆ, ಅದು ನಮ್ಮಿಂದ ಮಗನಿಗೆ, ಮಗ ಸೊಸೆಯಿಂದ ಮೊಮ್ಮಗಳಿಗೆ ಬಂದಿದೆ. ಸರಿಯಾದ ಜೀನನ್ನು ವೈರಸ್ಸಿನಲ್ಲಿ ತುಂಬಿ ಕಿವಿಯೊಳಗೆ ಬಿಡ್ತಾರಂತೆ.

ವೈರಸ್ ಅಂದಕೂಡಲೇ ಕುರ್ಚಿಯಿಂದ ಎದ್ದುನಿಂತೆ. "ನೀವೇನು ನಮ್ಮ ಕಿವಿಗೆ ಹೂವಿಡೋಕೆ ಬಂದಿದ್ದೀರಾ?" ಅಂದೆ.

"ರೋಗ ತರೋ ಭಾಗ ತೆಗೆದುಹಾಕಿರ್ತೀವಮ್ಮ. ಅದು ಬರೀ ಗಾಡಿ ಇದ್ದಹಾಗೆ, ಸಾಮಾನು ಇಳಿಸಿ ಹೋಗುತ್ತೆ. ಈ ಜೀನ್ ಬಹಳ ಉದ್ದ, ಒಂದು ಗಾಡಿಯಲ್ಲಿ ಹಿಡಿಸಲ್ಲ. ಎರಡು ತುಂಡು ಮಾಡಿ ಎರಡು ಗಾಡಿಯಲ್ಲಿ ಕಳಿಸ್ತೀವಿ. ಒಳಗೆ ಹೋದಮೇಲೆ ಜೋಡಣೆ ಆಗುತ್ತೆ."

ನಮ್ಮ ಯಜಮಾನರ ಮುಖ ಬೆಳಗಿಬಿಡ್ತು. "ಡಬಲ್ ಮಂಚ!" ಅಂದರು. "ಮೆಟ್ಟಿಲು ಸಣ್ಣದಿದ್ದರೆ ನಾವೂ ಹಾಗೇ ಮಾಡೋದು. ಬಿಚ್ಚಿ ಎರಡು ಸಲ ಹತ್ತಿಸಿ ಕೋಣೆಯೊಳಗೆ ಜೋಡಿಸ್ತೀವಿ." ಅಷ್ಟಕ್ಕೇ ಮನುಷ್ಯ ಡಾಕ್ಟರಮ್ಮನ ಪಕ್ಷ ಸೇರಿಬಿಟ್ಟರು. ಮಂಚ ಅಂದರೆ ಸಾಕು, ಇವರಿಗೆ ಮೊಮ್ಮಗಳೂ ಮರೆತುಹೋಗ್ತಾಳೆ.

ಬೇರೆ ಮಕ್ಕಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿದೆ, ಆದರೆ ಇನ್ನೂ ಪ್ರಯೋಗದ ಹಂತ, ಗ್ಯಾರಂಟಿ ಕೊಡೋಕೆ ಆಗಲ್ಲ, ಸದ್ಯಕ್ಕೆ ಒಂದೇ ಕಿವಿಗೆ ಮಾಡ್ತೀವಿ ಅಂದರು ಡಾಕ್ಟರಮ್ಮ. ನಾನು ಕೇಳಿದೆ, "ಈ ಮಗೂಗೆ ಏನು ಕಾಯಿಲೆ ಅಂತ ವಾಸಿ ಮಾಡ್ತೀರಿ?" ಅವರು ಪೆನ್ನು ಕೆಳಗಿಟ್ಟರು. "ಅದನ್ನು ನಾನು ಹೇಳೋ ಹಾಗಿಲ್ಲ. ಮನೆಯವರೆಲ್ಲ ಕೂತು ಮಾತಾಡಿ. ಬೇಡ ಅಂದರೆ ಬೇಡ." ಆ ಮಾತಿಗೆ ಅವರ ಮೇಲೆ ನನಗೆ ಸ್ವಲ್ಪ ಗೌರವ ಬಂತು. ತೋರಿಸಿಕೊಳ್ಳಲಿಲ್ಲ.

ಕೂತು ಮಾತಾಡಿದೆವು. ಮಾತಾಡಿದೆವು ಅಂತ ಮರ್ಯಾದೆಗೆ ಹೇಳ್ತಿದ್ದೀನಿ, ಕೈ ಬೀಸೋ ರಭಸಕ್ಕೆ ಮೇಜಿನ ಮೇಲಿದ್ದ ಲೋಟ ಹಾರಿ ಹೋಯ್ತು.

ಸೊಸೆ ಬೇಕು ಅಂದಳು. "ಅತ್ತೆ, ಬೇಕರಿಯಲ್ಲಿ ಮುಂದಿನ ಕೌಂಟರಿನ ಕೆಲಸ ಕೊಡಿ ಅಂತ ಎಷ್ಟು ಸಲ ಕೇಳಿದೆ. ಗಿರಾಕಿಗಳಿಗೆ ತೊಂದರೆ ಅಂತ ಹಿಂದಿನ ಕೋಣೆಗೇ ತಳ್ಳಿದರು. ನನ್ನ ಮಗಳೂ ಹಿಂದಿನ ಕೋಣೆಯಲ್ಲೇ ಇರಬೇಕಾ?"

"ತಳ್ಳಿದವರ ಜೀನ್ ರಿಪೇರಿ ಮಾಡಿಸು!" ಅಂದೆ ನಾನು.

ಮಗ ಮಧ್ಯೆ ಸಿಕ್ಕಿಕೊಂಡ. "ಅಮ್ಮ, ದೊಡ್ಡವಳಾದಮೇಲೆ ಅವಳನ್ನೇ ಕೇಳೋಣ ಅಂತ ನನಗೂ ಆಸೆ. ಆದರೆ ಅಷ್ಟು ಹೊತ್ತಿಗೆ ಮಿದುಳು ಮಾತು ಕಲಿಯೋ ಕಾಲ ದಾಟಿಹೋಗಿರುತ್ತಂತೆ. ಬೇಕು ಅಂದರೂ ನಾವೇ ಅವಳ ಪರವಾಗಿ ಹೇಳಬೇಕು, ಬೇಡ ಅಂದರೂ ನಾವೇ ಹೇಳಬೇಕು."

ಭಾನುವಾರ ನಮ್ಮ ಕಿವುಡರ ಸಂಘದಲ್ಲೂ ಇದೇ ಪಂಚಾಯ್ತಿ. ಕ್ಷೌರದ ಅಂಗಡಿಯ ಗೆಳೆಯ ಎದ್ದುನಿಂತು, "ಹೀಗೆ ಒಬ್ಬೊಬ್ಬರನ್ನೇ ಸರಿ ಮಾಡ್ತಾ ಹೋದರೆ ಕೈಮಾತು ಆಡೋರು ಯಾರು ಉಳೀತಾರೆ?" ಅಂದ. ಇನ್ನೊಬ್ಬಳು, "ನನ್ನ ಮಗನಿಗೆ ಈ ಅವಕಾಶ ಸಿಕ್ಕಿದ್ದರೆ ಕಣ್ಣುಮುಚ್ಚಿ ಮಾಡಿಸ್ತಿದ್ದೆ" ಅಂದಳು. ಎಲ್ಲರೂ ಒಟ್ಟಿಗೆ ಕೈ ಎತ್ತಿದರು. ಅಧ್ಯಕ್ಷರು ಗಲಾಟೆ ನಿಲ್ಲಿಸೋಕೆ ಲೈಟ್ ಆರಿಸಿ, ಹತ್ತಿಸಿ, ಆರಿಸಿ, ಕೊನೆಗೆ ಸ್ವಿಚ್ಚೇ ಕಿತ್ತು ಕೈಗೆ ಬಂತು.

ನನ್ನ ಭಯ ಬೇರೆ ಇತ್ತು, ಹೇಳಿಬಿಡ್ತೀನಿ. ನಾನು ಓದಿದ ಶಾಲೆಯಲ್ಲಿ ಕೈಮಾತಾಡಿದರೆ ಸ್ಕೇಲಿನಲ್ಲಿ ಗೆಣ್ಣಿಗೆ ಹೊಡೀತಿದ್ದರು. ಕೈ ಹಿಂದಕ್ಕೆ ಕಟ್ಟಿಕೊಂಡು ಟೀಚರ ಬಾಯಿ ನೋಡಿ ಕಲೀಬೇಕಿತ್ತು. ವರ್ಷಗಟ್ಟಲೆ ಬಾಯಿ ನೋಡಿದೆ, ಟೀಚರಿಗೆ ಎಷ್ಟು ಹಲ್ಲು ಹುಳುಕಾಗಿದೆ ಅನ್ನೋದು ಬಿಟ್ಟು ಬೇರೇನೂ ತಿಳೀಲಿಲ್ಲ. ಕೆನ್ನೆಗೆ ಕಿವಿ ಕೇಳಿಸಿದ ದಿನ ಯಾರೋ ಬಂದು ಅವಳ ಕೈಯನ್ನೂ ಹೀಗೇ ಕಟ್ಟಿಸ್ತಾರೆ ಅಂತ ನನಗೆ ಗೊತ್ತಿತ್ತು. ಆಮೇಲೆ ನಾವಿಬ್ಬರೂ ಏನಂತ ಮಾತಾಡೋದು? ನನ್ನ ಮೊಮ್ಮಗಳು ನನ್ನ ಮನೆಯಲ್ಲೇ ನನಗೆ ಬೇರೆ ದೇಶದವಳಾಗಿಬಿಡ್ತಾಳೆ.

ಕೊನೆಗೆ ಒಪ್ಪಿದೆ. ಖುಷಿಯಿಂದಲ್ಲ, ಸೊಸೆಯ ಕಣ್ಣು ನೋಡಲಾರದೆ. "ಬಲಗಿವಿ ಅವರಿಗೆ, ಎಡಗಿವಿ ನಮಗೆ" ಅಂದೆ. ಆಪರೇಷನ್ ಆಯ್ತು, ಮಗು ಮಾರನೆ ದಿನವೇ ಏನೂ ಆಗದವಳ ಹಾಗೆ ಆಸ್ಪತ್ರೆಯ ಮಂಚ ಹತ್ತಿ ಇಳಿದು ಮಾಡಿದಳು. ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಮನೆಯಲ್ಲಿ ಗಮನಿಸ್ತಾ ಇರಿ ಅಂತ ಹೇಳಿ ಕಳಿಸಿದರು.

ಗಮನಿಸೋದು ಹೇಗೆ? ಯಜಮಾನರು ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟೋರು. ತಿರುಗಲಿಲ್ಲ ಅಂದರೆ ಮಗೂಗೆ ಕೇಳಿಸಲಿಲ್ಲವೋ, ಇವರ ಚಪ್ಪಾಳೆಯೇ ಸದ್ದಾಗಲಿಲ್ಲವೋ, ಹೇಳೋರು ಯಾರು? "ಇನ್ನೂ ಜೋರಾಗಿ ತಟ್ಟಿ" ಅನ್ನೋನು ಮಗ. "ಇದೇ ಜೋರು" ಅನ್ನೋರು ಇವರು. ಇಬ್ಬರಿಗೂ ಒಂದು ಅಂದಾಜೂ ಇಲ್ಲ!

ಆಮೇಲೆ ಒಂದು ದಿನ ಕೆನ್ನೆ ಅಳೋಕೆ ಶುರುಮಾಡಿದಳು. ಸುಮ್ಮನೆ ಅಳು ಅಲ್ಲ, ಬಲಗಿವಿಯನ್ನು ಅಂಗೈಯಲ್ಲಿ ಒತ್ತಿಹಿಡಿದು ಮುಖ ಕೆಂಪು ಮಾಡಿಕೊಂಡು. ಊಟಕ್ಕೆ ಕೂತರೆ ಅಳು, ಆಟಕ್ಕೆ ಬಿಟ್ಟರೆ ಅಳು, ಅಡುಗೆಮನೆಗೆ ಕರಕೊಂಡು ಬಂದರೆ ನನ್ನ ಕಾಲಿಗೆ ಸುತ್ತಿಕೊಂಡು ಅಳು. ಸೊಸೆಯ ಜೀವ ಬಾಯಿಗೆ ಬಂತು. ನಾನು ಯಜಮಾನರ ಕಡೆ ತಿರುಗಿ, "ಆಯ್ತಾ ನಿಮ್ಮ ಡಬಲ್ ಮಂಚ? ಒಳಗೆ ಮುರಿದುಬಿದ್ದಿದೆ!" ಅಂದೆ. ಪಾಪ, ಅವರು ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು. ಅಂದದ್ದು ಹೆಚ್ಚಾಯ್ತು ಅನ್ನಿಸಿತು, ಆದರೆ ಕೋಪದಲ್ಲಿದ್ದೆ.

ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಕಿವಿ ನೋಡಿದರು, ಕೆಂಪಿಲ್ಲ, ಬಾವಿಲ್ಲ, ಜ್ವರ ಇಲ್ಲ. ಕಿವಿ ಪರೀಕ್ಷೆ ಮಾಡೋ ದಪ್ಪ ಬಾಗಿಲಿನ ಕೋಣೆಯಲ್ಲಿ ಕೂರಿಸಿದರೆ ಪುಣ್ಯಾತ್ಗಿತ್ತಿ ನಗ್ತಾ ಆಡ್ತಿದ್ದಾಳೆ! ಏನೂ ತೊಂದರೆ ಇಲ್ಲ, ಕಿವಿ ಚೆನ್ನಾಗಿ ಕೇಳಿಸೋಕೆ ಶುರುವಾಗಿದೆ ಅಂದರು. ಮಗ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅಷ್ಟು ಸಂತೋಷಪಟ್ಟು ಮನೆಗೆ ಬಂದು ಮೆಟ್ಟಿಲು ಹತ್ತಿದೆವೋ ಇಲ್ಲವೋ, ಮತ್ತೆ ಕಿವಿ ಹಿಡಿದು ಅಳು. ನಮ್ಮ ಮನೆ ಕಂಡರೇ ಮಗು ಅಳುತ್ತೆ ಅಂದರೆ ಹೇಗಾಗಬೇಡ ನಮಗೆ.

ದುಭಾಷಿ ಹುಡುಗಿಗೆ ಮೆಸೇಜ್ ಹಾಕಿದೆ, ಒಂದು ಸಲ ಮನೆಗೆ ಬಂದು ನೋಡು ಅಂತ. ಅವಳು ಬಂದಳು. ಬಾಗಿಲು ತೆರೆದು ಒಳಗೆ ಒಂದು ಹೆಜ್ಜೆ ಇಟ್ಟಳು. ಇಟ್ಟವಳೇ ಥೇಟ್ ಕೆನ್ನೆಯ ಹಾಗೆ ಎರಡೂ ಕಿವಿ ಮುಚ್ಚಿಕೊಂಡಳು.

"ಅಯ್ಯೋ ಅಜ್ಜಿ, ಇದೇನು ಮನೆಯಾ, ರೈಲ್ವೆ ನಿಲ್ದಾಣವಾ?" ಅಂದಳು. ಅದನ್ನು ಹೇಳೋಕೆ ಕಿವಿಯಿಂದ ಕೈ ತೆಗೀಬೇಕು, ಮತ್ತೆ ಮುಚ್ಚಬೇಕು, ಮತ್ತೆ ತೆಗೀಬೇಕು.

ಆಮೇಲೆ ಒಂದೊಂದಾಗಿ ತೋರಿಸ್ತಾ ಹೋದಳು. ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರೋದಿಲ್ಲ, ಅದಕ್ಕೆ ಅದು ಬೀಪ್ ಬೀಪ್ ಅಂತ ಕೂಗಿಕೊಳ್ತಾನೇ ಇದೆಯಂತೆ. ಯಾವ ಕಾಲದಿಂದ ಅಂತ ದೇವರಿಗೇ ಗೊತ್ತು. ಫ್ಯಾನಿನ ರೆಕ್ಕೆ ಜಾಲರಿಗೆ ಹೊಡೀತಿದೆಯಂತೆ. ಮಗ ಎಲ್ಲಿಂದಲೋ ತಂದಿಟ್ಟ ಹಳೇ ಅಲಾರಂ ಗಡಿಯಾರ ಕಪಾಟಿನೊಳಗೆ ಬಡಕೊಳ್ತಿದೆಯಂತೆ. ನನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಇಲ್ಲ, ಕಿರುಚುತ್ತಂತೆ. ಪಾತ್ರೆ ಸಿಂಕಿಗೆ ಹಾಕೋದನ್ನು ತೋರಿಸಿ ಅಂದಳು. ದಿನಾ ಹೇಗೆ ಹಾಕ್ತೀನೋ ಹಾಗೆ ಎಸೆದೆ. ಹುಡುಗಿ ಅರ್ಧ ಅಡಿ ಹಾರಿದಳು, ಕೆನ್ನೆ ಅವಳಿಗಿಂತ ಎತ್ತರ ಹಾರಿದಳು. ಯಜಮಾನರು ಕುರ್ಚಿ ಎಳೆದು ಕೂತರು. ಕಾಲಡಿ ನೆಲ ನಡುಗಿದ್ದು ನನಗೂ ಗೊತ್ತಾಯ್ತು. ಅವರು ಮಾಡೋ ಕುರ್ಚಿಗಳೆಲ್ಲ ಸಾಗುವಾನಿಯವು, ಭಾರ. ಅಂಥದ್ದನ್ನು ಟೈಲ್ಸಿನ ಮೇಲೆ ಹಗಲೆಲ್ಲ ಎಳೆದಾಡ್ತೀವಿ. ಇದನ್ನೆಲ್ಲ ಪಾಪದ ಕೂಸು ಒಂದೇ ಒಂದು ಹೊಸ ಕಿವಿಯಲ್ಲಿ ಅನುಭವಿಸ್ತಿತ್ತು!

"ಹಾಗಾದರೆ ಮನೆಯಲ್ಲಿ ಯಾರದು ಜಾಸ್ತಿ ಸದ್ದು?" ಅಂತ ಯಜಮಾನರು ಕೇಳಿದರು, ನನ್ನ ಕಡೆ ಕಣ್ಣು ಹೊಡೆದು.

"ನೀವೇ ತಾತ. ನೀವು ಉಸಿರಾಡೋದೂ ರಸ್ತೆಗೆ ಕೇಳಿಸುತ್ತೆ" ಅಂದಳು ಹುಡುಗಿ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ನಕ್ಕಾಗ ಕೆನ್ನೆ ಮತ್ತೆ ಕಿವಿ ಮುಚ್ಚಿಕೊಂಡಳು. ನಗುವೂ ಜೋರಂತೆ.

ಮಾರನೆ ದಿನದಿಂದ ರಿಪೇರಿ ಶುರು. ಫ್ರಿಜ್ಜಿಗೆ ಹೊಸ ರಬ್ಬರ್, ಫ್ಯಾನಿಗೆ ಸ್ಕ್ರೂ, ಗಡಿಯಾರ ಕಸಕ್ಕೆ. ಮಿಕ್ಕಿದ್ದ ಕುಶನ್ ಬಟ್ಟೆ ಕತ್ತರಿಸಿ ಮನೆಯ ಪ್ರತಿ ಕುರ್ಚಿಯ ಕಾಲಿಗೂ ನಾನೇ ಬೂಟು ಹೊಲಿದೆ. ಅರವತ್ತು ದಾಟಿದಮೇಲೆ ತಟ್ಟೆ ಹೇಗೆ ಇಡಬೇಕು, ಬಾಗಿಲು ಹೇಗೆ ಹಾಕಬೇಕು ಅಂತ ಆ ಚೋಟುದ್ದದ ದುಭಾಷಿ ಹುಡುಗಿ ಹತ್ತಿರ ಪಾಠ ಹೇಳಿಸಿಕೊಂಡೆ. ತಟ್ಟೆಯನ್ನು ನಿದ್ದೆ ಮಾಡೋ ಮಗೂನ ಮಲಗಿಸಿದ ಹಾಗೆ ಮಲಗಿಸಬೇಕಂತೆ. ಗೊಣಗಿಕೊಂಡೇ ಕಲಿತೆ. ಕೆನ್ನೆ ಅಳು ನಿಲ್ಲಿಸಿದಳು, ಕಿವಿಯಿಂದ ಕೈ ತೆಗೆದಳು, ಚಮಚ ತಗೊಂಡು ತಾನೇ ಮೇಜು ಬಡಿದು ಬಗ್ಗಿ ನೋಡಿದಳು. ಸದ್ದು ತನ್ನ ಕೈಯಿಂದಲೂ ಬರುತ್ತೆ ಅಂತ ಗೊತ್ತಾದಮೇಲೆ ಮೇಜಿನ ಪಾಲಿಶ್ ಉಳೀಲಿಲ್ಲ.

ಇಷ್ಟರಲ್ಲಿ ನಾನು ಹೆದರಿದ್ದು ಬಂದೇಬಿಡ್ತು. ಆಸ್ಪತ್ರೆಯಿಂದ ಮಾತು ಕಲಿಸೋ ಟೀಚರನ್ನು ಮನೆಗೆ ಕಳಿಸಿದರು. ಒಳ್ಳೇ ಹೆಣ್ಣುಮಗಳು, ಮುಖ ನಗುಮುಖ, ಅದೇ ನನಗೆ ಇನ್ನೂ ಕೋಪ. ಕೆಟ್ಟವಳಾಗಿದ್ದರೆ ಸುಲಭವಾಗಿ ಬಯ್ಯಬಹುದಿತ್ತು. ಅವಳು ದುಭಾಷಿ ಹುಡುಗಿಯ ಮೂಲಕ ಹೇಳಿದಳು, "ಕೆಲವು ತಿಂಗಳು ಮಗುವಿನ ಎದುರಿಗೆ ಕೈಮಾತು ನಿಲ್ಲಿಸಿ. ಸುಲಭದ ದಾರಿ ಇದ್ದರೆ ಮಗು ಕಷ್ಟದ ದಾರಿಗೆ ಬರಲ್ಲ."

"ನಾವು ಕೈ ನಿಲ್ಲಿಸಿದರೆ ಈ ಮನೆಯಲ್ಲಿ ಮಗು ಹತ್ತಿರ ಮಾತಾಡೋರು ಯಾರು? ಫ್ರಿಜ್ಜಾ? ಅದನ್ನೂ ರಿಪೇರಿ ಮಾಡಿಸಿಬಿಟ್ಟಿದ್ದೀವಿ!" ಅಂದೆ. ಹುಡುಗಿ ಇದಕ್ಕೆ ನೀರು ಬೆರೆಸಲಿಲ್ಲ ಅಂತ ಟೀಚರ ಮುಖ ನೋಡಿದರೆ ಗೊತ್ತಾಯ್ತು. ಆದರೂ ಅವಳು ತನ್ನ ಮಾತು ಬಿಡಲಿಲ್ಲ. ನಾನು ದಿನಾ ಬರ್ತೀನಿ, ರೇಡಿಯೋ ಹಾಕಿಡಿ ಅಂದಳು.

ಸೊಸೆ ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಬಿಟ್ಟು ಹೇಳಿದಳು, "ಅತ್ತೆ, ಇಷ್ಟು ದೂರ ಬಂದಿದ್ದೀವಿ. ನಮ್ಮಿಂದ ಅವಳ ಮಾತು ನಿಂತುಹೋಯ್ತು ಅಂತ ಆಗಬಾರದು. ಸ್ವಲ್ಪ ದಿನ ನೋಡೋಣ." ಅವಳೂ ಅಳ್ತಿದ್ದಳು. ಒಪ್ಪಿದೆ.

ಕೈ ಸುಮ್ಮನಿರಿಸೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಬೇಕಾದರೆ ಒಂದು ದಿನ ಬಾಯಿಗೆ ಪ್ಲಾಸ್ಟರ್ ಹಚ್ಚಿಕೊಂಡು ನೋಡಿ. ಯಜಮಾನರು ಕೈ ಜೇಬಿಗೆ ಹಾಕಿದರು. ಮಗ ಕಟ್ಟಿಕೊಂಡ. ನಾನು ತೊಡೆ ಕೆಳಗೆ ಇಟ್ಟು ಅದರ ಮೇಲೆ ಕೂತೆ. ಕೆನ್ನೆ ಬಂದು 'ಅಜ್ಜಿ, ನೀರು' ಅಂತ ಪುಟ್ಟ ಕೈಯಲ್ಲಿ ಕೇಳೋಳು. ನೀರು ಕೊಟ್ಟು ಮುಖ ತಿರುಗಿಸೋಳು ನಾನು. ಒಂದು ಸಲ ತಿರುಗಿಸಿದ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ತನ್ನ ಕಡೆಗೆ ಎಳಕೊಂಡಳು. ಅಜ್ಜಿ ಏನಾದರೂ ಹೇಳ್ತಾಳೆ ಅಂತ ಕಾದಳು, ನಾನು ಹೇಳಲಿಲ್ಲ. ಬರಬರ್ತಾ ಅವಳೂ ಕೇಳೋದು ಕಡಿಮೆ ಮಾಡಿದಳು. ರೇಡಿಯೋ ಮಾತಾಡ್ತಿತ್ತೋ ಏನೋ, ನಮ್ಮ ಮನೆ ಮಾತ್ರ ನನ್ನ ಜೀವಮಾನದಲ್ಲಿ ಮೊದಲ ಸಲ ನಿಶ್ಶಬ್ದವಾಗಿತ್ತು.

ಅವತ್ತು ಸಂಜೆ ಟೀಚರ್ ನೆಲದ ಮೇಲೆ ಕೂತು ಚೆಂಡು ತೋರಿಸಿ ಬಾಯಿ ಆಡಿಸ್ತಿದ್ದಳು. ದುಭಾಷಿ ಹುಡುಗಿ ಪಕ್ಕದಲ್ಲಿದ್ದಳು. ನಾವು ನಾಲ್ಕು ಜನ ಗೋಡೆಗೆ ಬೆನ್ನು ಹಚ್ಚಿ, ಕೈ ಮುಚ್ಚಿಟ್ಟುಕೊಂಡು ಕೂತಿದ್ದೆವು. ಕೆನ್ನೆ ಇದ್ದಕ್ಕಿದ್ದ ಹಾಗೆ ಸೆಟೆದು ನಿಂತಳು. ಕಿಟಕಿ ನೋಡಿದಳು, ಟೀಚರನ್ನು ನೋಡಿದಳು. ಅವಳು ಇನ್ನೂ ಚೆಂಡಿನಲ್ಲೇ ಇದ್ದಳು. ಮಗು ಅಮ್ಮನ ಹತ್ತಿರ ಓಡಿತು, ಅಮ್ಮನ ಕೈ ಏಪ್ರನ್ನಿನೊಳಗೆ. ಅಪ್ಪನ ಹತ್ತಿರ ಓಡಿತು, ಅಪ್ಪನ ಕೈ ಕಂಕುಳಲ್ಲಿ. ತಾತನ ಕೈ ಜೇಬಿನಲ್ಲಿ. ಆಮೇಲೆ ನನ್ನ ಹತ್ತಿರ ಬಂದಳು. ಬಂದವಳೇ ಬಗ್ಗಿ, ನನ್ನ ತೊಡೆ ಕೆಳಗೆ ಕೈ ತೂರಿಸಿ, ನನ್ನ ಕೈ ಹಿಡಿದು ಎಳೆದಳು. ಬಲ ಸಾಲದೆ ಕಾಲು ಊರಿ ಎಳೆದಳು. ಒಂದು ಬಂತು. ಇನ್ನೊಂದನ್ನೂ ಎಳೆದಳು. ಎರಡನ್ನೂ ನನ್ನ ಮಡಿಲಲ್ಲಿ ಸರಿಯಾಗಿ ಜೋಡಿಸಿಟ್ಟು, ಇನ್ನು ಮಾತಾಡಬಹುದು ಅನ್ನೋ ಹಾಗೆ ಎದುರಿಗೆ ನಿಂತಳು.

ನಮ್ಮಲ್ಲಿ ಒಬ್ಬರನ್ನು ಕರೀಬೇಕಾದರೆ ಭುಜ ತಟ್ತೀವಿ. ಅವಳು ಎರಡು ಬೆರಳಲ್ಲಿ ತನ್ನ ಬಲಗಿವಿ ತಟ್ಟಿ ತೋರಿಸಿದಳು. ಕಿಟಕಿ ಕಡೆ ಕೈ ಮಾಡಿದಳು. "ಅಜ್ಜಿ, ಕರೀತಿದ್ದಾರೆ. ಯಾರು?"

ಆ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಿವಿ ತಟ್ಟೋದು ಅಂತ ಒಂದು ಮಾತು ನಮ್ಮಲ್ಲಿ ಇರಲೇ ಇಲ್ಲ. ಕಿವಿಗೆ ಬಂದದ್ದನ್ನು ಹೇಳೋಕೆ ಮಗು ಕೈಯಲ್ಲಿ ಹೊಸ ಮಾತು ಮಾಡಿಕೊಂಡು ಬಂದಿತ್ತು, ಅದೂ ನನ್ನನ್ನು ಕೇಳೋಕೆ! ನನಗೆ ತಡೆಯೋಕಾಗಲಿಲ್ಲ. ಟೀಚರೂ ಬೇಡ, ಯಾರೂ ಬೇಡ ಅಂತ ಅವಳನ್ನು ಎತ್ತಿಕೊಂಡು ಕಿಟಕಿಗೆ ಹೋದೆ. ಕೆಳಗೆ ಬೀದಿನಾಯಿ ನಿಂತು ಬಾಯಿ ಎತ್ತಿ ತೆರೀತಿತ್ತು. ಒಂದೊಂದು ಸಲ ಅದು ಬಾಯಿ ತೆರೆದಾಗಲೂ ಕೆನ್ನೆ ಕಿವಿ ತಟ್ಟಿಕೊಂಡಳು.

"ನಾಯಿ" ಅಂದೆ ಕೈಯಲ್ಲಿ.

"ನಾಯಿ?" ಕಣ್ಣು ಇಷ್ಟಗಲ ಮಾಡಿದಳು. ನಾಯಿ ಅವಳಿಗೆ ಗೊತ್ತು, ಬಾಲ ಗೊತ್ತು, ಮೂಗು ಗೊತ್ತು. ನಾಯಿಗೆ ಇಂಥದ್ದೊಂದು ಇದೆ ಅಂತ ಮಾತ್ರ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಾಯಿ ಬೊಗಳುತ್ತೆ ಅಂತ ಓದಿದ್ದೆ, ಅಷ್ಟೇ. "ಹೇಗಿದೆ?" ಅಂತ ಕೇಳಿದೆ. ಅವಳು ಯೋಚನೆ ಮಾಡಿ, ಎರಡೂ ಮುಷ್ಟಿ ಎದೆಯಿಂದ ಮುಂದಕ್ಕೆ ಒಗೆದಳು, ಮತ್ತೆ ಒಗೆದಳು. ಓಹೋ, ಹೀಗಾ ನಾಯಿ ಅಂದರೆ! ಅರವತ್ತು ವರ್ಷ ಕಿವಿ ಕೇಳೋರ ಮಧ್ಯೆ ಬದುಕಿದ್ದೀನಿ, ಒಬ್ಬ ಪುಣ್ಯಾತ್ಮನೂ ನನಗೆ ಇದನ್ನು ಹೇಳಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ತಿರುಗಿ ನೋಡಿದರೆ ಎಲ್ಲರ ಕೈಯೂ ಹೊರಗೆ ಬಂದಿದೆ. ಸೊಸೆ ಮುಷ್ಟಿ ಒಗೆದು ನೋಡ್ತಿದ್ದಾಳೆ. ಯಜಮಾನರು, "ದೊಡ್ಡ ನಾಯಿಯಾದರೆ ಇನ್ನೂ ಜೋರಾಗಿ ಒಗೀಬೇಕಾ?" ಅಂತ ಕೇಳ್ತಿದ್ದಾರೆ. ಟೀಚರ್ ಚೆಂಡು ಕೆಳಗಿಟ್ಟು ಎದ್ದಳು. ಬಾಯಲ್ಲಿ 'ನಾಯಿ' ಅಂತ ಹೇಳಿ ನನ್ನ ಕಡೆ ನೋಡಿದಳು, ಕೈಯಲ್ಲಿ ಹೇಗೆ ಅಂತ. ತೋರಿಸಿದೆ. ತಪ್ಪು ಮಾಡಿದಳು. ಬೆರಳು ಹಿಡಿದು ತಿದ್ದಿದೆ. ನನ್ನ ಕೈಯಲ್ಲಿ ಸ್ಕೇಲೇನೂ ಇರಲಿಲ್ಲ, ನನ್ನ ಒಳ್ಳೇತನ. ಅವತ್ತಿನಿಂದ ಪಾಠ ಎರಡರಲ್ಲೂ ನಡೀತಿದೆ, ಅವಳ ಬಾಯಿ, ನಮ್ಮ ಕೈ. ಕೆನ್ನೆ ಬಾಯಲ್ಲೂ ಒಂದೆರಡು ಮಾತು ಆಡ್ತಾಳಂತೆ. ಸೊಸೆ ಅವಳ ಗಂಟಲಿನ ಮೇಲೆ ಬೆರಳಿಟ್ಟುಕೊಂಡು ಅದನ್ನು ಮುಟ್ಟಿ ನೋಡ್ತಾಳೆ. ಎಡಗಿವಿಯ ಪಂಚಾಯ್ತಿ ಸಂಘದಲ್ಲಿ ಇನ್ನೂ ಮುಗಿದಿಲ್ಲ, ಹೊಸ ಸ್ವಿಚ್ ಹಾಕಿಸಿದ್ದಾರೆ. ಮಾತು ಕಲಿಯೋಕೆ ಒಂದು ಕಿವಿ ಸಾಕು, ಇನ್ನೊಂದರ ವಿಷಯ ದೊಡ್ಡವಳಾದಮೇಲೆ ಅವಳೇ ಹೇಳಲಿ ಅನ್ನೋದು ನನ್ನ ಹಟ.

ಈಗ ಅವಳಿಗೆ ಸುದ್ದಿ ತರೋದೇ ಕೆಲಸ. ಅಜ್ಜಿ, ನಲ್ಲಿ ಕರೀತಿದೆ. ಅಜ್ಜಿ, ತಾತನ ಮೂಗು ಕರೀತಿದೆ. ನಿನ್ನೆ ನನ್ನ ಮಡಿಲಲ್ಲಿ ಮಲಗಿ ಬಲಗಿವಿಯನ್ನು ನನ್ನ ಎದೆಗೆ ಒತ್ತಿಕೊಂಡಿದ್ದಳು. ನಿದ್ದೆ ಬಂತು ಅಂದುಕೊಂಡೆ. ತಟ್ಟನೆ ತಲೆ ಎತ್ತಿ, ಕಿವಿ ತಟ್ಟಿ, ನನ್ನ ಎದೆ ತೋರಿಸಿದಳು. "ಅಜ್ಜಿ, ಒಳಗಿಂದ ಕರೀತಿದ್ದಾರೆ. ಯಾರು?"

"ನಾನೇ ಕಣೇ" ಅಂದೆ.